ಪ್ಲಾಸಿಡ್‌ನ ಬಲ ಭುಜ

ಸೋಮವಾರ, ಜನವರಿ 11, 1847

ಬೆಳಿಗ್ಗೆ ಎಂಟಕ್ಕೆ ಚಿತ್ರಶಾಲೆಯಲ್ಲಿ ಜಾಗದ ಕರೆ. ಕಳೆದ ಪರೀಕ್ಷೆಯಲ್ಲಿ ಯಾರ ಚಿತ್ರ ಎಷ್ಟನೆಯದಾಗಿ ಬಂತೋ ಅದೇ ಕ್ರಮದಲ್ಲಿ ಹೆಸರು ಕೂಗುತ್ತಾರೆ. ಹೆಸರು ಬಂದವನು ತನಗೆ ಬೇಕಾದ ಕಡೆ ಸ್ಟೂಲು ಹಾಕಿಕೊಂಡು ವಾರವಿಡೀ ಅಲ್ಲೇ ಕೂರಬೇಕು. ಮೂವತ್ತೊಂಬತ್ತು ಹೆಸರು ಕೂಗಿದರು. ಮೂವತ್ತೊಂಬತ್ತನೆಯದು ಫಿರ್ಮಿನ್ ಲವಾಸ್, ಅಂದರೆ ನಾನು.

ಉಳಿದಿದ್ದದ್ದು ಒಂದೇ ಜಾಗ. ಬತ್ತಲೆ ನಿಲ್ಲುವವನ ಪೀಠದ ಹಿಂದೆ, ಕಬ್ಬಿಣದ ಒಲೆಗೂ ಗೋಡೆಗೂ ನಡುವಿನ ಸಂದು. ಈವರೆಗೆ ಅಲ್ಲಿ ಯಾರೂ ಕೂತಿರಲಿಲ್ಲವಂತೆ. ಈ ಸಲ ನಾವು ಹೊಸಬರು ಹೆಚ್ಚಾದ್ದರಿಂದ ಒಲೆಯನ್ನು ಎರಡಡಿ ಸರಿಸಿ ಜಾಗ ಮಾಡಿದ್ದಾರೆ.

"ಹೋಗಪ್ಪಾ ಹೊಸಬ," ಎಂದ ಬೊನಿಫಾಸ್. ತರಗತಿಯ ಮುಂದಾಳು ಅವನೇ. ಒಂಬತ್ತು ವರ್ಷದಿಂದ ಇಲ್ಲೇ ಕೊಳೆಯುತ್ತಿದ್ದಾನೆ. "ಒಂದು ಕಡೆ ಬೇಯ್ತೀಯ, ಇನ್ನೊಂದು ಕಡೆ ಹೆಪ್ಪುಗಟ್ತೀಯ. ಮಧ್ಯದಲ್ಲಿ ಪ್ಲಾಸಿಡ್‌ನ ಹಿಂಬದಿಯ ದರ್ಶನ. ಈ ಊರಿನ ಅರ್ಧ ಚರ್ಚುಗಳಲ್ಲಿ ಗೋಡೆ ಮೇಲಿರೋ ಸಂತರೆಲ್ಲಾ ಅವನೇ ಕಣೋ. ಕೈ ಮುಗಿದು ಕೂತ್ಕೋ."

ಎಲ್ಲರೂ ನಕ್ಕರು. ನಗಲಿ.

ಪ್ಲಾಸಿಡ್‌ಗೆ ನಲವತ್ತಾರು ವರ್ಷ. ಮೊಣಕಾಲ ಗಂಟು ಊದಿದೆ, ಹೊಟ್ಟೆಯ ಚರ್ಮ ಸಡಿಲಾಗಿದೆ, ಅಂಗಾಲು ಒಡೆದಿದೆ. ನನ್ನ ಮುಂದಿನ ಮೂವತ್ತೆಂಟು ಜನ ಆ ದುಡಿದ ದೇಹವನ್ನು ನೋಡುತ್ತಾ ನೋಡುತ್ತಾ ಹದಿನೆಂಟರ ಗ್ರೀಕ್ ಹುಡುಗನೊಬ್ಬನನ್ನು ಬಿಡಿಸುತ್ತಿದ್ದಾರೆ. ಇದನ್ನು ಇವರು ಕಲೆ ಎನ್ನುತ್ತಾರೆ. ನಾನು ಇದನ್ನು ಕಳ್ಳತನ ಎನ್ನುತ್ತೇನೆ. ಜನರ ಬೆವರು ಕದ್ದವರೇ ಈಗ ಜನರ ಸುಕ್ಕನ್ನೂ ಕದಿಯುತ್ತಿದ್ದಾರೆ. (ಈ ವಾಕ್ಯ ಚೆನ್ನಾಗಿದೆ. ಅಚ್ಚಿನ ಕೆಲಸದ ಗೆಳೆಯ ಎವಾರಿಸ್ತ್‌ನ ಕರಪತ್ರಕ್ಕೆ ಕೊಡಬಹುದು.)

ವಿರಾಮದಲ್ಲಿ ಅವನು ಕಂಬಳಿ ಹೊದ್ದು ಒಲೆಯ ಬಳಿ ಬಂದ. ಎದ್ದು ನಿಂತು, ಕ್ರಾಂತಿಕಾರರು ಒಬ್ಬರನ್ನೊಬ್ಬರು ಕರೆಯುವಂತೆ ಕರೆದು ಕೈ ಚಾಚಿದೆ. "ನಮಸ್ಕಾರ, ನಾಗರಿಕ ಪ್ಲಾಸಿಡ್."

ಅವನು ಸುತ್ತ ನೋಡಿದ. "ನಾಗರಿಕ ಅಂದ್ರೆ ಬಟ್ಟೆ ಹಾಕ್ಕೊಂಡಿರೋರು ಅಲ್ವೇ, ಚಿಕ್ಕ ಯಜಮಾನ್ರೇ?"

"ಇಲ್ಲಿ ಯಾರೂ ಯಜಮಾನರಿಲ್ಲ. ನೀನೂ ನಾನೂ ಸಮ."

"ಹಾಗಾದ್ರೆ ನಾಳೆ ನೀವು ಪೀಠ ಹತ್ತಿ. ನಾನು ಕೂತ್ಕೋತೀನಿ." ಅವನ ಕಣ್ಣು ನನ್ನ ಮಡಿಲಲ್ಲಿದ್ದ ರೊಟ್ಟಿಯ ಮೇಲಿತ್ತು. ಇದ್ದಿಲ ಗೆರೆ ಒರೆಸಲು ಎಲ್ಲರೂ ರೊಟ್ಟಿಯ ಒಳಗಿನ ಮೆತ್ತನೆ ತಿರುಳನ್ನೇ ಬಳಸುತ್ತೇವೆ. "ನನ್ನ ಮೊಣಕಾಲು ಅಳಿಸೋಕೆ ಅಷ್ಟೊಂದು ರೊಟ್ಟಿ ಬೇಕೇ? ಮೊದಲನೇ ಸಲಾನೇ ಸರಿಯಾಗಿ ಬರೀರಿ. ಉಳಿದದ್ದು ನನ್ನ ಹೊಟ್ಟೆಗಾದ್ರೂ ಆಗ್ಲಿ."

ಅರ್ಧ ಮುರಿದು ಕೊಟ್ಟೆ. ಈ ಚಳಿಗಾಲದಲ್ಲಿ ರೊಟ್ಟಿಗೆ ಬೇಕರಿಯ ಮುಂದೆ ಹೊಡೆದಾಡುತ್ತಾರೆ. ಅವನು ಅಲ್ಲೇ ನಿಂತು ತಿಂದ. ಜನರ ಹಸಿವನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು.

ಬುಧವಾರ, ಜನವರಿ 13

ಶಾಲೆಯ ಗುರು ಮೊಸ್ಯೂ ತೆಸ್ಸಾರ್ ನಮ್ಮ ಚಿತ್ರ ತಿದ್ದಲು ಬರುವ ದಿನ. ಕೋಟಿನ ಮೇಲೆ ಪದಕ ಚುಚ್ಚಿಕೊಂಡೇ ಬಂದ. ಮುಂದಿನ ಸಾಲಿನ ಹುಡುಗರಿಗೆ ಎರಡೆರಡು ಮಾತು ಹೇಳಿ, ನನ್ನ ಸಂದಿಗೆ ಬಂದವನೇ ನಿಂತುಬಿಟ್ಟ.

"ಈ ಒಲೆ ಯಾರು ಸರಿಸಿದ್ದು?"

"ಜಾಗ ಸಾಲಲಿಲ್ಲ, ಮೊಸ್ಯೂ," ಎಂದ ಬೊನಿಫಾಸ್.

ತೆಸ್ಸಾರ್ ಬಹಳ ಹೊತ್ತು ನನ್ನ ಹಲಗೆ ನೋಡಿದ. ಪ್ಲಾಸಿಡ್‌ನ ಬಲ ಭುಜ ಎಡಕ್ಕಿಂತ ತಗ್ಗಿದೆ, ಮೂಳೆ ವಕ್ರವಾಗಿ ಎದ್ದಿದೆ. ಹಾಗೆಯೇ ಬಿಡಿಸಿದ್ದೆ. ಅವನು ನನ್ನ ರೊಟ್ಟಿಯಿಂದ ತಿರುಳು ಚಿವುಟಿ, ಬೆರಳಲ್ಲಿ ಉಂಡೆ ಮಾಡಿ, ಆ ಭುಜವನ್ನು ಪೂರ್ತಿ ಒರೆಸಿಬಿಟ್ಟ. ಮೂರು ದಿನದ ಕೆಲಸ. ಅದರ ಮೇಲೆ ಒಂದು ನುಣುಪು ಗೆರೆ ಎಳೆದ.

"ಅಲ್ಲಿ ಇರೋದು ಹಾಗಲ್ಲ, ಮೊಸ್ಯೂ."

"ಅಲ್ಲಿ ಏನಿದೆ ಅಂತ ನನಗೆ ಗೊತ್ತು. ಮುಂದಿನ ಸಲ ನೀನು ಮುಂದಿನ ಸಾಲಿಗೆ ಬಾ. ನಾನೇ ಹೇಳಿರ್ತೀನಿ."

ನನ್ನನ್ನು ಕೊಂಡುಕೊಳ್ಳಲು ನೋಡುತ್ತಿದ್ದಾನೆ. ಸಾಲೊನ್ ಎಂಬ ಸರ್ಕಾರಿ ಪ್ರದರ್ಶನದ ಮುದುಕರೆಲ್ಲ ಇಂಥವರೇ. ಸತ್ಯವನ್ನು ರೊಟ್ಟಿಯ ಚೂರಿನಿಂದ ಒರೆಸುವವರು.

ಗುರುವಾರ, ಜನವರಿ 14

ಈಗಲೇ ಬರೆಯಬೇಕು.

ನಿನ್ನೆ ರಾತ್ರಿ ನದಿಯ ಅಂಚು ಹೆಪ್ಪುಗಟ್ಟಿತ್ತು. ಹಾಗಾಗಿ ಬೆಳಿಗ್ಗೆ ಒಲೆಗೆ ಕಲ್ಲಿದ್ದಲು ಜಾಸ್ತಿ ಸುರಿದಿದ್ದರು. ಹತ್ತು ಗಂಟೆಯ ಹೊತ್ತಿಗೆ ಪ್ಲಾಸಿಡ್‌ನ ಬೆನ್ನಿನ ಬಲಭಾಗ ಕಾವಿಗೆ ಕೆಂಪೇರಿತು. ಕೆಂಪೇರಿದಂತೆ ಭುಜದ ಮೇಲೆ ಏನೋ ಬೆಳ್ಳಗೆ ಉಳಿಯತೊಡಗಿತು. ಮೊದಲು ಸುಟ್ಟ ಕಲೆ ಎಂದುಕೊಂಡೆ. ಆಮೇಲೆ ಅಡ್ಡಗೆರೆ ಕಂಡಿತು, ಅದರ ಕೆಳಗೆ ಉದ್ದಗೆರೆ. ಪಕ್ಕದಲ್ಲಿ ಇನ್ನೊಂದು. ಅಕ್ಷರಗಳು. ಟಿ, ಎಫ್.

ಬರೆ. ರಾಜರ ನ್ಯಾಯಾಲಯಗಳು ಕಾದ ಕಬ್ಬಿಣದಿಂದ ಕೈದಿಗಳ ಹೆಗಲಿಗೆ ಹಾಕುತ್ತಿದ್ದ ಬರೆ. ಅದನ್ನು ನಿಲ್ಲಿಸಿ ಹದಿನೈದು ವರ್ಷವಾಯಿತು. ನಾನು ಕರಪತ್ರಗಳಲ್ಲಿ ಮಾತ್ರ ಓದಿದ್ದೆ. ಈಗ ಅದು ನನ್ನಿಂದ ನಾಲ್ಕಡಿ ದೂರದಲ್ಲಿ ಉಸಿರಾಡುತ್ತಿತ್ತು! ಈ ವ್ಯವಸ್ಥೆ ತನ್ನ ಅಪರಾಧಕ್ಕೆ ತಾನೇ ರುಜು ಹಾಕಿ ಒಬ್ಬ ಮನುಷ್ಯನ ಮೇಲೆ ಬಿಟ್ಟುಹೋಗಿದೆ.

ದೊಡ್ಡ ಹಲಗೆಯ ಮರೆಯಲ್ಲಿ ಸಣ್ಣ ಹಾಳೆ ಇಟ್ಟುಕೊಂಡು ಚಿತ್ರ ಬರೆದೆ. ಸೊಂಟದಿಂದ ಕತ್ತಿನವರೆಗೆ, ಆ ತಗ್ಗಿದ ಭುಜ, ಆ ಎರಡು ಅಕ್ಷರ. ತಲೆ ಬಿಟ್ಟೆ. ಮುಖವಿಲ್ಲದ ಮೇಲೆ ಯಾರೂ ಯಾರನ್ನೂ ಗುರುತಿಸಲಾರರು. ಆ ಎಚ್ಚರ ನನಗಿದೆ.

ಇಷ್ಟು ಚೆನ್ನಾಗಿ ನಾನು ಯಾವತ್ತೂ ಬರೆದಿಲ್ಲ.

ಶುಕ್ರವಾರ, ಜನವರಿ 15

ವಿರಾಮದಲ್ಲಿ ಪ್ಲಾಸಿಡ್ ಸುಟ್ಟ ಚೆಸ್ಟ್‌ನಟ್ ಕಾಯಿ ತಂದು ಎರಡು ನನ್ನ ಕೈಗೆ ಹಾಕಿದ. ಹಿಮ್ಮಡಿಯಿಂದ ಶುರುಮಾಡಬೇಕು, ತಲೆಯಿಂದಲ್ಲ ಎಂದು ಹೇಳಿಕೊಟ್ಟ. "ಮನುಷ್ಯ ನಿಲ್ಲೋದು ಕಾಲ ಮೇಲೆ. ತಲೆ ಸುಮ್ನೆ ಮೇಲೆ ಕೂತಿರತ್ತೆ, ನಿಮ್ಮ ಮೇಷ್ಟ್ರ ಥರ." ಆಮೇಲೆ ಕಾಯಿ ಸುಲಿಯುತ್ತಲೇ ಕೇಳಿದ: "ಆ ಮೂಲೆಯಿಂದ ನಿಮಗೆ ಏನಾದ್ರೂ ಚೆನ್ನಾಗಿ ಕಾಣತ್ತಾ, ಚಿಕ್ಕ ಯಜಮಾನ್ರೇ?"

"ಇಲ್ಲ. ಹೊಗೆ," ಎಂದೆ.

ಅವನು ತಲೆ ಆಡಿಸಿದ. ಕಂಬಳಿಯನ್ನು ಭುಜದ ಮೇಲೆ ಎಳೆದುಕೊಂಡ.

ಮಂಗಳವಾರ, ಜನವರಿ 26

ಎವಾರಿಸ್ತ್‌ನ ನೆಲಮಾಳಿಗೆಯಲ್ಲಿ ಇಡೀ ದಿನ. ಅವನು ಕಲ್ಲಚ್ಚಿನ ಕೆಲಸಗಾರ, ಚಿತ್ರವನ್ನು ಕಲ್ಲಿನ ಮೇಲೆ ಇಳಿಸಿ ಪ್ರತಿ ತೆಗೆಯುವವನು. ನಾನು ಓದಿದ ಕರಪತ್ರಗಳಲ್ಲಿ ಅರ್ಧ ಅವನ ಕೈಯಿಂದಲೇ ಬಂದವು. ಚಿತ್ರವನ್ನು ದೀಪದ ಹತ್ತಿರ ಹಿಡಿದು ನೋಡಿದ.

"ಇದನ್ನ ಹಾಕಬಹುದು ಅಂತ ಅವನು ಒಪ್ಪಿದ್ದಾನಾ?"

"ಇದು ಒಬ್ಬನ ಬೆನ್ನಲ್ಲ, ಎವಾರಿಸ್ತ್. ಜನರ ಬೆನ್ನು."

"ಅದು ಸರಿ ಕಣಪ್ಪ. ಆದ್ರೆ ಅದನ್ನ ಹೊತ್ಕೊಂಡು ಓಡಾಡೋನು ಒಬ್ಬನೇ ಅಲ್ವಾ? ಕೇಳಿದ್ಯಾ?"

ಕೇಳಿದ್ದೇನೆ ಎಂದೆ. ದೊಡ್ಡ ಸತ್ಯಕ್ಕಾಗಿ ಸಣ್ಣದೊಂದನ್ನು ದಾಟಬೇಕಾಗುತ್ತದೆ. ಇನ್ನೂರು ಪ್ರತಿ ತೆಗೆದ. ಅಡಿಯಲ್ಲಿ 'ಜನರ ಬೆನ್ನು' ಎಂದಷ್ಟೇ. ರುಜು ಬೇಡ ಎಂದದ್ದು ಅವನು. ನನಗೆ ಸ್ವಲ್ಪ ಬೇಜಾರಾಯಿತು.

ಗುರುವಾರ, ಫೆಬ್ರವರಿ 4

ನದಿದಂಡೆಯ ಅಂಗಡಿಯೊಂದರ ಗಾಜಿನಲ್ಲಿ ನನ್ನ ಚಿತ್ರ! ಹನ್ನೊಂದು ಜನ ನಿಂತು ನೋಡುತ್ತಿದ್ದರು. ಒಬ್ಬ ಕಮ್ಮಾರ ಟೋಪಿ ತೆಗೆದ. ಅವರ ಹಿಂದೆ ಹೋಗಿ ನಿಂತೆ, ಯಾರೋ ದಾರಿಹೋಕನಂತೆ. ಮೂರು ಸಲ ಆ ಬೀದಿಗೆ ಹೋಗಿ ಬಂದೆ.

ಶನಿವಾರ, ಫೆಬ್ರವರಿ 6

ಬರೆಯುತ್ತೇನೆ. ಇದನ್ನು ಬರೆಯದಿದ್ದರೆ ಈ ಪುಸ್ತಕ ಸುಡಬೇಕು.

ಈ ವಾರ ಮತ್ತೆ ಪ್ಲಾಸಿಡ್‌ನ ಸರದಿ. ಮೊಸ್ಯೂ ತೆಸ್ಸಾರ್‌ನ ಮಾತಿನಂತೆ ಒಲೆಯನ್ನು ಹಳೆಯ ಜಾಗಕ್ಕೆ ಸರಿಸಿದ್ದರು. ನಾನು ಮುಂದಿನ ಸಾಲಿನಲ್ಲಿದ್ದೆ. ಭಂಗಿ ಬಿಲ್ಲುಗಾರನದು: ಮೇಲಿಂದ ಇಳಿಬಿಟ್ಟ ಹಗ್ಗವನ್ನು ಎರಡು ಕೈಯಲ್ಲೂ ಎತ್ತಿ ಹಿಡಿದು ನಿಲ್ಲಬೇಕು. ಕೊನೆಯ ದಿನ. ಎಲ್ಲರೂ ನೆರಳು ತುಂಬುತ್ತಿದ್ದರು.

ಬೊನಿಫಾಸ್ ತಡವಾಗಿ ಬಂದ. ಕೈಯಲ್ಲಿ ಸುರುಳಿ. ಬಿಚ್ಚಿ ಎತ್ತಿ ತೋರಿಸಿದ.

"ಲೋ, ಇದು ನೋಡ್ರೋ! ನಮ್ಮ ಪ್ಲಾಸಿಡ್‌ನ ಬೆನ್ನು ಅಂಗಡಿ ಗಾಜಿನಲ್ಲಿ ನೇತಾಡ್ತಿದೆ!"

ಒಬ್ಬನೂ ಅನುಮಾನಿಸಲಿಲ್ಲ. ಒಂದು ಕ್ಷಣವೂ. "ಹೌದಲ್ವೋ, ಆ ಎಡಗಡೆ ಪಕ್ಕೆಲುಬು ನೋಡು." "ಸೊಂಟದ ಮೇಲಿನ ಆ ಕುಳಿ, ಅದನ್ನ ನಾನು ಆರು ಸಲ ಬರೆದಿದ್ದೀನಿ." "ನಿದ್ದೆಯಲ್ಲಿ ತೋರಿಸಿದ್ರೂ ಹೇಳ್ತೀನಿ." ಈ ಮೂವತ್ತೆಂಟು ಜನರಿಗೆ, ಈ ಊರಿನ ಪ್ರತಿಯೊಬ್ಬ ಚಿತ್ರಕಾರನಿಗೆ, ಆ ಬೆನ್ನು ಅಂಗೈಯಷ್ಟು ಪರಿಚಿತ. ಅವನ ಮುಖವನ್ನು ಬೀದಿಯಲ್ಲಿ ಮರೆಯಬಹುದು. ಆ ಬೆನ್ನನ್ನು ಯಾರೂ ಮರೆಯರು. ನಾನೂ ಚಿತ್ರ ಕಲಿಯುವವನು. ಮುಖ ಬಿಟ್ಟರೆ ಸಾಕೆಂದು ನನಗೆ ಹೇಗೆ ಅನ್ನಿಸಿತು?

"ಆದ್ರೆ ಈ ಅಕ್ಷರ ಯಾವುದೋ?" ಎಂದ ಒಬ್ಬ.

"ಅದು ಬರೆದವನ ಕಿತಾಪತಿ," ಎಂದ ಬೊನಿಫಾಸ್. "ಪ್ಲಾಸಿಡ್ ಅಣ್ಣ ಕೈದಿಯಂತೆ! ಬರೆ ಇದ್ರೆ ಅಂಗೈಯಲ್ಲಿ ಒಂದು ಬಿಟ್ರೆ ಎದ್ದು ಕಾಣತ್ತಂತೆ, ಜೈಲಿನೋರು ಹಾಗೇ ನೋಡ್ತಿದ್ರಂತೆ. ಎಲ್ಲಿ, ನೋಡೇಬಿಡೋಣ." ಪೀಠ ಹತ್ತಿದವನೇ ನಗುನಗುತ್ತಾ ಬಲ ಭುಜದ ಮೇಲೆ ರಪ್ಪನೆ ಬಾರಿಸಿದ.

ತಮಾಷೆಗೆ ಹೊಡೆದದ್ದು. ದೇವರಾಣೆ ತಮಾಷೆಗೆ. ಆಮೇಲೆ ಅವನ ನಗು ನಿಂತುಹೋಯಿತು. ಹಿಂದಿನ ಸಾಲಿನವರು ಎದ್ದು ಬಂದು ನೋಡಿದರು. ಆಮೇಲೆ ಮುಂದಿನವರು.

ಪ್ಲಾಸಿಡ್ ಕೈ ಇಳಿಸಲಿಲ್ಲ. ತಿರುಗಲಿಲ್ಲ. ವಿರಾಮಕ್ಕೆ ಇನ್ನೂ ಹನ್ನೆರಡು ನಿಮಿಷವಿತ್ತು. ಹನ್ನೆರಡು ನಿಮಿಷವೂ ಆ ಹಗ್ಗ ಹಿಡಿದು ನಿಂತೇ ಇದ್ದರು. ಮೈಮೇಲೆ ಒಂದು ನೂಲಿಲ್ಲದೆ, ಮೂವತ್ತೊಂಬತ್ತು ಜನರ ಮುಂದೆ. ಭುಜ ಕೆಂಪಗಾಗಿ, ಅಕ್ಷರಗಳು ಬೆಳ್ಳಗಾಗಿ, ಮತ್ತೆ ನಿಧಾನಕ್ಕೆ ಮಾಸಿದವು. ಒಬ್ಬರೂ ಇದ್ದಿಲು ಎತ್ತಲಿಲ್ಲ. ಪ್ಲಾಸಿಡ್ ಅವರ ಕಣ್ಣು ಒಂದೊಂದೇ ಹಲಗೆಯ ಮೇಲೆ ಹೋಗುತ್ತಾ ನನ್ನ ಹತ್ತಿರ ಬಂದು ನಿಂತಿತು. ಒಲೆಯ ಹಿಂದೆ ಕೂತವನು ನಾನೊಬ್ಬನೇ ತಾನೇ.

ಗಂಟೆ ಹೊಡೆಯಿತು. ಇಳಿದು, ಪರದೆಯ ಹಿಂದೆ ಹೋಗಿ, ಬಟ್ಟೆ ಹಾಕಿಕೊಂಡು ಹೊರಟುಹೋದರು.

ಭಾನುವಾರ, ಫೆಬ್ರವರಿ 7

ಇವತ್ತು ಆ ಅಂಗಡಿಯ ಬೀದಿಗೆ ಹೋಗಲಿಲ್ಲ.

ಸೋಮವಾರ, ಫೆಬ್ರವರಿ 8

ಮೊಸ್ಯೂ ತೆಸ್ಸಾರ್ ತಮ್ಮ ಸ್ವಂತ ಕೋಣೆಗೆ ಕರೆಸಿದರು. ಕೂರಲು ಹೇಳಲಿಲ್ಲ. ಮೇಜಿನ ಮೇಲೆ ನನ್ನ ಕಲ್ಲಚ್ಚು.

"ಒಳ್ಳೆ ಚಿತ್ರ," ಎಂದರು. "ನನ್ನ ಶಾಲೆಯಿಂದ ಹತ್ತು ವರ್ಷದಲ್ಲಿ ಇಷ್ಟು ಒಳ್ಳೆ ಬೆನ್ನು ಬಂದಿಲ್ಲ. ಅದಕ್ಕೇ ಅವನನ್ನ ಗುರುತು ಹಿಡಿದ್ರು. ಕೆಟ್ಟದಾಗಿ ಬರೆದಿದ್ದಿದ್ರೆ ಬದುಕ್ಕೊಳ್ತಿದ್ದ."

ನಾನು ಏನೋ ಹೇಳಲು ಹೋದೆ. ಸಮಾಜ, ನ್ಯಾಯ ಎಂದು ಶುರುಮಾಡಿದೆ ಅಂತ ಕಾಣುತ್ತದೆ.

"ಟಿ ಅಂದ್ರೆ ಕಠಿಣ ಸಜೆ. ಎಫ್ ಅಂದ್ರೆ ಏನು ಗೊತ್ತೇನಯ್ಯಾ?"

ಗೊತ್ತಿರಲಿಲ್ಲ. ಅದನ್ನು ಹುಡುಕುವ ಗೋಜಿಗೂ ನಾನು ಹೋಗಿರಲಿಲ್ಲ.

"ಖೋಟಾ ಕಾಗದ ಮಾಡಿದೋನು ಅಂತ. ಇಪ್ಪತ್ತಮೂರನೇ ಇಸವಿ, ಸ್ಪೇನಿನ ಯುದ್ಧ. ಸೈನ್ಯಕ್ಕೆ ಚೀಟಿ ಎತ್ತಿದಾಗ ಇವನ ತಮ್ಮನ ಚೀಟಿ ಎದ್ದಿತ್ತು, ಹೋಗಲೇಬೇಕಿತ್ತು. ಇವನು ನೋಟರಿಯ ಹತ್ತಿರ ಗುಮಾಸ್ತ. ವಿಧವೆಯ ಒಬ್ಬನೇ ಮಗನಿಗೆ ವಿನಾಯಿತಿ ಇತ್ತು, ಆ ತಮ್ಮ ಒಬ್ಬನೇ ಮಗ ಅಂತ ಒಂದು ಕಾಗದ ಬರೆದ. ಅಷ್ಟೇ. ತನ್ನನ್ನೇ ಇಲ್ಲ ಅಂತ ಬರ್ಕೊಂಡ. ಎಂಟು ವರ್ಷ ಬಂದರಿನ ಜೈಲಿನಲ್ಲಿ ಮರದ ದಿಮ್ಮಿ ಎಳೆದ. ನೀವೆಲ್ಲ ಹೊಗಳೋ ಆ ಬೆನ್ನು ಅಲ್ಲಿ ಬೆಳೆದದ್ದು."

ಕಿಟಕಿಯ ಕಡೆ ತಿರುಗಿದರು.

"ಅಂಥವನು ಈ ಊರಿಗೆ ಕಾಲಿಡೋ ಹಾಗಿಲ್ಲ. ಸಿಕ್ಕಿದ್ರೆ ಮತ್ತೆ ಐದು ವರ್ಷ. ಹದಿನೈದು ವರ್ಷದಿಂದ ಅವನ ಬಲ ಭುಜ ಗೋಡೆ ಕಡೆ ಇರೋ ಹಾಗೇ ಭಂಗಿ ಇಡ್ತಾ ಬಂದೆ. ಹುಡುಗರ ಹಲಗೆ ಮೇಲೆ ಆ ಭುಜ ಅಳಿಸ್ತಾ ಬಂದೆ. ಅದಕ್ಕೆ ನೀನು ನನ್ನನ್ನ ಏನಂತ ಕರೀತೀಯ ಅಂತ ಬೊನಿಫಾಸ್ ಹೇಳಿದ್ದಾನೆ."

ನಾನು ಅವರನ್ನು ಸುಳ್ಳಿನ ಮೇಷ್ಟ್ರು ಎಂದು ಕರೆಯುತ್ತಿದ್ದೆ. ಜೋರಾಗಿಯೇ.

"ಅವರು ಈಗ ಎಲ್ಲಿದ್ದಾರೆ, ಮೊಸ್ಯೂ?"

"ನಿನಗೆ ಹೇಳ್ತೀನಿ ಅಂದ್ಕೊಂಡ್ಯಾ?"

ಬುಧವಾರ, ಫೆಬ್ರವರಿ 10

ಪೊಲೀಸ್ ಅಧಿಕಾರಿ ಬಂದಿದ್ದ. ನದಿದಂಡೆಯ ಅಂಗಡಿಯಿಂದ ಉಳಿದ ಪ್ರತಿಗಳನ್ನು ಜಪ್ತಿ ಮಾಡಿ ತಂದಿದ್ದ. ನಮ್ಮೆಲ್ಲರನ್ನೂ ಸಾಲಾಗಿ ನಿಲ್ಲಿಸಿ, "ಈ ಬೆನ್ನು ಯಾರದ್ದು?" ಎಂದು ಕೇಳಿದ.

ಬೊನಿಫಾಸ್ ಮುಂದೆ ಬಂದ. "ಸ್ವಾಮಿ, ಇದು ಪ್ಲಾಸ್ಟರ್ ಬೊಂಬೆಯ ಬೆನ್ನು. ಎಲ್ಲಾ ಶಾಲೆಯಲ್ಲೂ ಒಂದಿರತ್ತೆ. ಅಕ್ಷರ ಯಾರೋ ಪೋಲಿ ಸೇರಿಸಿದ್ದಾನೆ."

"ಪ್ಲಾಸ್ಟರಿಗೆ ಬೆವರು ಬರತ್ತೇನ್ರೀ? ಇಲ್ಲಿ ನೋಡಿ, ಬೆನ್ನುಹುರಿ ಪಕ್ಕ."

"ನಮ್ಮ ಪ್ಲಾಸ್ಟರ್ ಬಹಳ ಒದ್ದೆ, ಸ್ವಾಮಿ. ಈ ಕೋಣೆಯ ಮಾಡು ಸೋರತ್ತೆ."

ಯಾರೂ ನಗಲಿಲ್ಲ. ಒಬ್ಬೊಬ್ಬರನ್ನೇ ಕೇಳಿದ. ಒಬ್ಬೊಬ್ಬರೂ ಗೊತ್ತಿಲ್ಲ, ನೋಡಿಲ್ಲ ಎಂದರು. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಕರಪತ್ರವೊಂದನ್ನೂ ಓದದ, ಮದುವೆಮನೆಯ ಹಾಡು ಹಾಡುತ್ತಾ ಗ್ರೀಕ್ ಹುಡುಗರನ್ನು ಬಿಡಿಸುವ ಈ ಮೂವತ್ತೆಂಟು ಜನ.

ನನ್ನ ಸರದಿ ಬರುವ ಮೊದಲು ಅಧಿಕಾರಿ ಹಾಳೆಯನ್ನು ಬೆಳಕಿಗೆ ಹಿಡಿದು ತನ್ನಷ್ಟಕ್ಕೆ ಎಂದ: "ಏನೇ ಅನ್ನಿ, ಬರೆದೋನದು ಪಳಗಿದ ಕೈ."

ನನಗೆ ಖುಷಿಯಾಯಿತು. ಇದನ್ನು ಬರೆದಿಡಬೇಕು. ಆ ಹೊತ್ತಿನಲ್ಲಿ, ಆ ಸಾಲಿನಲ್ಲಿ ನಿಂತು, ಪೊಲೀಸನ ಹೊಗಳಿಕೆಗೆ ನನ್ನ ಎದೆ ಬೆಚ್ಚಗಾಯಿತು.

"ನಿನಗೆ ಗೊತ್ತಾ?"

"ಇಲ್ಲ."

ಬರೆದವನು ನಾನೇ ಎಂದು ಒಪ್ಪಿಕೊಂಡರೆ ಯಾರನ್ನು ನೋಡಿ ಬರೆದೆ ಎಂಬ ಪ್ರಶ್ನೆ ಬರುತ್ತದೆ, ಅದಕ್ಕೇ ಸುಮ್ಮನಿದ್ದೆ ಎಂದು ಇಲ್ಲಿ ಬರೆಯಬಹುದು. ಹಾಗಲ್ಲ. ಹೆದರಿದ್ದೆ.

ಗುರುವಾರ, ಫೆಬ್ರವರಿ 11

ಬೊನಿಫಾಸ್ ಮೆಟ್ಟಿಲ ಮೇಲೆ ನನ್ನ ಕಾಲರ್ ಹಿಡಿದ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು.

"ಕೇಳಿಲ್ಲಿ. ಪ್ಲಾಸಿಡ್ ಅಣ್ಣ ನನ್ನ ಕೋಣೆಯಲ್ಲಿದ್ದಾರೆ, ಬಟ್ಟೆ ಒಗೆಯೋರ ಅಂಗಡಿ ಮೇಲೆ. ಶನಿವಾರದಿಂದ. ನಾನು ಬಾರಿಸಿದ ಕೈ ಇದು, ನೋಡು, ಇದರಲ್ಲೇ ಸೂಪು ಬಡಿಸ್ತಿದ್ದೀನಿ. ಮಂಗಳವಾರ ಕಾರ್ನಿವಾಲಿನ ಕೊನೇ ದಿನ. ಇಡೀ ಊರು ಮುಖವಾಡ ಹಾಕ್ಕೊಂಡು ಊರ ಗಡಿಯಾಚೆ ಅಗ್ಗದ ಮದ್ಯ ಕುಡಿಯೋಕೆ ಹೋಗತ್ತೆ, ಚೌಕಿಯಲ್ಲಿ ಯಾರನ್ನೂ ತಡೆಯಲ್ಲ. ಆಚೆ ದಾಟಿಸ್ತೀನಿ. ಆದ್ರೆ ಆಮೇಲೆ ಪ್ರತಿ ಊರಲ್ಲೂ ರಹದಾರಿ ಕಾಗದ ಕೇಳ್ತಾರೆ. ಅದು ಅವರ ಹತ್ತಿರ ಇಲ್ಲ." ಕಾಲರ್ ಬಿಟ್ಟ. "ನಿನ್ನ ಅಚ್ಚಿನ ಗೆಳೆಯ ಯಾವುದಕ್ಕೆ ಇರೋದು?"

ಸೋಮವಾರ, ಫೆಬ್ರವರಿ 15

ಎವಾರಿಸ್ತ್ ನನ್ನ ರಹದಾರಿಯನ್ನು ಕಲ್ಲಿನ ಮೇಲೆ ಇಳಿಸಿ ಎರಡು ಖಾಲಿ ಹಾಳೆ ತೆಗೆದುಕೊಟ್ಟ. ಒಂದು ಕೆಟ್ಟರೆ ಇನ್ನೊಂದು. ಕೊಡುವಾಗ "ಕೇಳಿದ್ದೀನಿ ಅಂದಿದ್ದೆ," ಎಂದ.

ಎರಡಕ್ಕೂ ಕುಂಚದಿಂದ ಮೊಹರು ಬಿಡಿಸಿದೆ. ಎರಡು ದಿನ ಹಿಡಿಯಿತು. ಒಂದರಲ್ಲಿ ವಿವರ ತುಂಬಿದೆ. ಹೆಸರು: ಒಂದು ಸುಳ್ಳು ಹೆಸರು. ಎತ್ತರ, ಹುಬ್ಬು, ಮೂಗು, ಗಲ್ಲ. ಆ ದೇಹದ ಪ್ರತಿ ಅಳತೆ ನನಗೆ ಕಂಠಪಾಠ. 'ಮೈಮೇಲಿನ ಗುರುತುಗಳು' ಎಂಬ ಸಾಲಿಗೆ ಬಂದು ನಿಂತೆ. ಅದನ್ನು ಖಾಲಿ ಬಿಟ್ಟೆ.

ಮಂಗಳವಾರ, ಫೆಬ್ರವರಿ 16

ಬೀದಿಯಲ್ಲಿ ಕೊಂಬು, ತಮಟೆ, ಬಾಯಿಬಡುಕರು. ನಡು ಮಧ್ಯಾಹ್ನ. ಒದ್ದೆ ಬಟ್ಟೆಗಳ ನಡುವೆ ದಾರಿ ಮಾಡಿಕೊಂಡು ಮೆಟ್ಟಿಲು ಹತ್ತಿದೆ. ಬೊನಿಫಾಸ್ ಬಾಗಿಲು ತೆಗೆದು, ಬಾಡಿಗೆ ವೇಷ ತರಲು ಹೊರಗೆ ಹೋದ.

ಪ್ಲಾಸಿಡ್ ಮಂಚದ ಮೇಲೆ ಕೂತಿದ್ದರು. ಬಟ್ಟೆ ತೊಟ್ಟುಕೊಂಡು ಕೂತ ಅವರನ್ನು ಸರಿಯಾಗಿ ನೋಡಿದ್ದು ಇದೇ ಮೊದಲು. ಇನ್ನೂ ವಯಸ್ಸಾದವರಂತೆ, ಸಣ್ಣವರಂತೆ ಕಂಡರು.

ನಾನು ದಾರಿಯುದ್ದಕ್ಕೂ ಕಲಿತಿದ್ದ ಮಾತನ್ನೆಲ್ಲ ಬಿಟ್ಟು ಕಾಗದ ಮುಂದಿಟ್ಟೆ.

ಅವರು ಕಿಟಕಿಯ ಬಳಿ ಒಯ್ದು ನೋಡಿದರು. ಮೊಹರಿನ ಮೇಲೆ ಉಗುರಿನಿಂದ ಕೆರೆದರು. "ಮೊಹರು ಪರವಾಗಿಲ್ಲ. ಬರಹ ಆಗಲ್ಲ."

"ಯಾಕೆ?"

"ಇದು ಬರೆದದ್ದಲ್ಲಪ್ಪ, ಚಿತ್ರ ಬಿಡಿಸಿದ್ದು. ಗುಮಾಸ್ತ ಎಲ್ಲಾದ್ರೂ ಇಷ್ಟು ಪ್ರೀತಿಯಿಂದ ಬರೀತಾನಾ? ಅವನಿಗೆ ಊಟದ ಹೊತ್ತಾಗಿರತ್ತೆ. ಮೊದಲನೇ ಪೊಲೀಸೇ ಹಿಡೀತಾನೆ. ಹಿಡಿದು, ಯಾರು ಮಾಡಿಕೊಟ್ರು ಅಂತ ಕೇಳ್ತಾನೆ. ನಾನು ಹೇಳಲ್ಲ ಅಂತೀನಿ. ಎಷ್ಟು ದಿನ ಹೇಳಲ್ಲ ಅನ್ನೋದು ನನಗೂ ಗೊತ್ತಿಲ್ಲ." ಕಾಗದವನ್ನು ಒಲೆಗೆ ಹಾಕಿದರು. "ಇನ್ನೊಂದು ಹಾಳೆ ಇದೆಯಾ?"

ಕೊಟ್ಟೆ. ಬೊನಿಫಾಸ್‌ನ ಪೆನ್ನು, ಮಸಿ ತೆಗೆದುಕೊಂಡು ಮೇಜಿಗೆ ಕೂತರು. ಬೆರಳು ಅಲುಗಿಸಿ ನೋಡಿಕೊಂಡರು.

"ಪೆನ್ನು ಹಿಡಿದು ಇಪ್ಪತ್ತನಾಲ್ಕು ವರ್ಷ ಆಯ್ತು. ಶಾಲೆಯ ಸಂಬಳದ ಪುಸ್ತಕದಲ್ಲೂ ರುಜು ಕೇಳಿದ್ರೆ ಅಡ್ಡಗೆರೆ ಹಾಕ್ತಿದ್ದೆ, ಓದು ಬರದೋನ ಥರ. ಎರಡನೇ ಸಲ ಇದೇ ತಪ್ಪಿಗೆ ಸಿಕ್ಕಿದ್ರೆ ಜೀವಾವಧಿ, ಗೊತ್ತಾ ನಿನಗೆ?"

"ನಾನು ಬರೀತೀನಿ. ಹೇಗೆ ಅಂತ ಹೇಳಿಕೊಡಿ. ಎಷ್ಟು ಹೊತ್ತಾದ್ರೂ—"

"ಸುಮ್ನಿರು."

ಅವರ ಕೈಯಿಂದ ಅಕ್ಷರಗಳು ಓಡುತ್ತಾ ಬಂದವು. ಬೇಸರದ, ಅವಸರದ, ಯಾವ ಕಚೇರಿಯಲ್ಲೂ ಇರಬಹುದಾದ ಅಕ್ಷರಗಳು. ನಾನು ಮಾಡಿದ ಕೆಲಸದಿಂದ ಅವರು ಮತ್ತೆ ಅದೇ ಅಪರಾಧ ಮಾಡುತ್ತಿದ್ದರು. ನಾನು ನಿಂತು ನೋಡುತ್ತಿದ್ದೆ.

"ನಿಮ್ಮ ತಮ್ಮ?" ಎಂದೆ. ಏನಾದರೂ ಕೇಳಬೇಕೆನಿಸಿತು.

"ಸ್ಪೇನಿಗೆ ಹೋಗೇ ಹೋದ. ಕಾಗದ ಹಿಡಿದುಬಿಟ್ರಲ್ಲ. ಜ್ವರ ಬಂದು ಸತ್ತ." ಪೆನ್ನು ಅದ್ದಿದರು. "ನನಗೆ ಒಂದೇ ಒಂದು ಹೇಳು. ಅವತ್ತು ಚೆಸ್ಟ್‌ನಟ್ ತಿನ್ನೋವಾಗ ಕೇಳ್ದೆ. ಕಂಡಿಲ್ಲ ಅಂದೆ. ಕಂಡಿದೆ, ಬರ್ಕೊಳ್ಳಲಾ ಅಂತ ಯಾಕೆ ಕೇಳಲಿಲ್ಲ?"

ನಾನು ಮಸಿಕುಡಿಕೆಯನ್ನು ಅವರ ಕಡೆ ಸರಿಸಿದೆ.

"ಕೇಳಿದ್ರೆ ಬೇಡ ಅಂತಿದ್ದೆ. ಅದಕ್ಕೇ ಕೇಳಲಿಲ್ಲ. ಅಷ್ಟೇ ತಾನೇ?"

"ಹೌದು."

"ಸರಿ." ಅಷ್ಟನ್ನು ತಿಳಿದುಕೊಂಡರೆ ಸಾಕಿತ್ತೇನೋ ಎಂಬಂತೆ ಮತ್ತೆ ಬರೆಯತೊಡಗಿದರು. ಎತ್ತರ. ಹುಬ್ಬು. ಮೂಗು. ಒಂದು ಸಾಲಿನಲ್ಲಿ ಪೆನ್ನು ನಿಂತಿತು. ನಾನು ಬಗ್ಗಿ ನೋಡದೆಯೇ ಅದು ಯಾವ ಸಾಲೆಂದು ನನಗೆ ಗೊತ್ತಾಯಿತು.

"ಮೈಮೇಲಿನ ಗುರುತುಗಳು," ಎಂದು ಓದಿದರು. ತಲೆ ಎತ್ತಿ ನನ್ನನ್ನೇ ನೋಡಿದರು. "ನೀನು ಸತ್ಯ ಹೇಳೋನು. ಹೇಳಪ್ಪ, ಏನು ಬರೀಲಿ?"

ಕೆಳಗೆ ಬೀದಿಯಲ್ಲಿ ಯಾರೋ ಕೊಂಬು ಊದಿದರು. ಅದು ನಿಲ್ಲುವವರೆಗೂ ಅವರು ಕಾದರು. ನಾನು ಹೇಳದೆ ಅವರು ಬರೆಯುವುದಿಲ್ಲ ಎಂದು ತಿಳಿಯಿತು.

"ಯಾವುದೂ ಇಲ್ಲ ಅಂತ ಬರೀರಿ," ಎಂದೆ.

ಬರೆದರು. ಮಸಿ ಆರಲು ಮರಳು ಚಿಮುಕಿಸಿ, ಊದಿ, ಮಡಚಿ ಎದೆಯ ಒಳಗೆ ಇಟ್ಟುಕೊಂಡರು. ಬೊನಿಫಾಸ್ ಬಂದ. ಅವರಿಗೆ ಪಿಯೆರೋ ಎಂಬ ವಿದೂಷಕನ ಬಿಳಿ ಅಂಗಿ ತೊಡಿಸಿದೆವು. ಬಲ ತೋಳು ಅಂಗಿಯಲ್ಲಿ ಸಿಕ್ಕಿಕೊಂಡಿತು. ನಾನು ಹಿಡಿಯಲು ಹೋದಾಗ ಸರಿದುಕೊಂಡರು. ಬೊನಿಫಾಸ್‌ನ ಕೈ ಹಿಡಿದು ಇಳಿದುಹೋದರು. ಕಿಟಕಿಯಿಂದ ನೋಡಿದೆ. ಬೀದಿ ತುಂಬಾ ಬಿಳಿ ಅಂಗಿಗಳೇ ಇದ್ದವು. ಅಷ್ಟು ಚೆನ್ನಾಗಿ ಬಲ್ಲೆ ಎಂದುಕೊಂಡಿದ್ದ ಆ ಬೆನ್ನು ಯಾವುದೆಂದು ನನಗೆ ಹೇಳಲಾಗಲಿಲ್ಲ.

ನನ್ನ ಕೈ ಕುಲುಕಲಿಲ್ಲ ಅವರು. ಕುಲುಕಿದ್ದರೆ ಈ ಪುಟದಲ್ಲಿ ಕ್ಷಮಿಸಿದರು ಎಂದು ಬರೆದುಬಿಡುತ್ತಿದ್ದೆ.